ನೀಲವ್ವನ ಸೊಂಟವೂ ನಮ್ಮ ಮನೆಯ ಮರ್ಯಾದೆಯೂ

ನೌಕರಿಯಲ್ಲಿದ್ದಷ್ಟು ಕಾಲವೂ ನಾನು ಕಂಡವರ ಮನೆಗೆ ಕರೆಯದೆ ನುಗ್ಗಿದವನು. ಕಳ್ಳನೆಂದು ತಿಳಿಯಬೇಡಿ, ಕರೆಂಟ್ ಆಫೀಸಿನ ಮೀಟರ್ ರೀಡರ್. ಈಗಿನ ಹಾಗೆ ಮೀಟರುಗಳು ಆಗ ಬೀದಿಯ ಗೋಡೆಗೆ ಬಂದು ನಿಂತಿರಲಿಲ್ಲ. ಇಳಕಲ್ಲಿನ ಒಂದೊಂದು ಮನೆಯಲ್ಲಿ ಒಂದೊಂದು ಕಡೆ ಅಡಗಿಕೊಂಡಿರುತ್ತಿದ್ದವು. ಮಗ್ಗದ ಹಿಂದೆ, ಜೋಳದ ಚೀಲಗಳ ಸಂದಿಯಲ್ಲಿ, ಕೆಲವು ಪುಣ್ಯಾತ್ಮರ ಮನೆಯಲ್ಲಿ ಬಚ್ಚಲಿನ ಬಾಗಿಲ ಮೇಲೆ. ಹೀಗಾಗಿ ಹೊರಗಿನವರಾರೂ ನೋಡದ ಕೋಣೆಗಳನ್ನೆಲ್ಲ ನಾನು ಸರಕಾರಿ ಸಂಬಳ ತೆಗೆದುಕೊಂಡೇ ನೋಡಿದ್ದೇನೆ. ಬೀದಿಗೆ ಕೆಂಪು ಗ್ರಾನೈಟಿನ ಕಂಬ, ತೇಗದ ಬಾಗಿಲು, ಗಾಜಿನ ಕಪಾಟಿನಲ್ಲಿ ಯಾರೂ ಚಹಾ ಕುಡಿಯದ ಕಪ್ಪುಬಸಿ ಇರುವ ಮನೆ ಎಂದುಕೊಳ್ಳಿ. ಅದರ ಹಿಂದಿನ ಕೋಣೆಗೆ ಹೋದರೆ ಮೀಟರಿನ ಕೆಳಗೆ ಹೊರಸಿನ ಮೇಲೆ ಒಬ್ಬ ಮುದುಕ ಮಲಗಿರುತ್ತಿದ್ದ. ಅವನ ತಲೆಯ ಮೇಲೆ ಝೀರೋ ಬಲ್ಬು. ಫ್ಯಾನು ಇರುತ್ತಿರಲಿಲ್ಲ, ಇದ್ದರೂ ತಿರುಗುತ್ತಿರಲಿಲ್ಲ. ‘ಈ ತಿಂಗಳ ಭಾಳ ಓಡೇತೇನಪಾ?’ ಎಂದು ಅವನು ಮೀಟರಿನ ಬಗ್ಗೆ ವಿಚಾರಿಸುತ್ತಿದ್ದ. ಹೊರಗೆ ಬಂದು ಕೇಳಿದರೆ ಆ ಕಂಬ, ಆ ತೇಗ, ಆ ಕಪ್ಪುಬಸಿಗಳಿಗೆಲ್ಲ ಅವನೇ ಮಾಲೀಕ. ಇಷ್ಟು ದೊಡ್ಡ ಆಸ್ತಿಯ ಒಡೆಯ ಒಂದು ಫ್ಯಾನು ಹಾಕಿಕೊಳ್ಳಲಾರದೆ ಬೆವರುತ್ತಾನಲ್ಲ, ಎಂಥ ಹುಚ್ಚ ಇವನು ಎಂದು ನಾನು ಸೈಕಲ್ಲು ತುಳಿಯುತ್ತ ನಗುತ್ತಿದ್ದೆ. ವಯಸ್ಸಾದ ಮೇಲೆ ನಾನು ಹಾಗಿರುವುದಿಲ್ಲ ಎಂದೂ ನಿಶ್ಚಯಿಸಿಕೊಂಡಿದ್ದೆ. ಸೈಕಲ್ಲು ತುಳಿಯುವ ವಯಸ್ಸಿನಲ್ಲಿ ಎಲ್ಲರೂ ಹಾಗೆ ನಿಶ್ಚಯಿಸಿಕೊಳ್ಳುತ್ತಾರೆ.

ಇನ್ನು ನನ್ನ ಮನೆಯ ವಿಷಯ. ನನ್ನ ಮನೆ ಎಂದು ಬಾಯಿರೂಢಿಯಲ್ಲಿ ಹೇಳುತ್ತೇನೆಯೇ ಹೊರತು ಅದು ಇರುವುದು ನನ್ನ ಹೆಂಡತಿ ನೀಲವ್ವನ ಹೆಸರಿನಲ್ಲಿ. ಜಾಗ ಕೊಂಡದ್ದು ಆಕೆಯ ತವರಿನ ಬಂಗಾರದ ಬೋರಮಾಳ, ಪಾಟಲಿಗಳನ್ನು ಮಾರಿ. ಅದೂ ಅಲ್ಲದೆ ಮೀಟರ್ ಓದುವವನಿಗೆ ಮನೆ ಎಲ್ಲಿಂದ ಬಂತು ಎಂದು ಊರವರು ಕೇಳಿಯಾರೆಂಬ ಭಯ ನನಗಿತ್ತು. ಲಂಚ ತಿನ್ನುವ ಧೈರ್ಯವಿಲ್ಲದವನಿಗೂ ತಿಂದಿದ್ದಾನೆ ಎನ್ನಿಸಿಕೊಳ್ಳುವ ಭಯ ಇದ್ದೇ ಇರುತ್ತದೆ. ಹೆಸರು ಆಕೆಗೆ ಬಿಟ್ಟುಕೊಟ್ಟು ನಾನು ನೆಲವನ್ನು ಇಟ್ಟುಕೊಂಡೆ. ನಮ್ಮೂರ ಕಲ್ಲು ಎಲ್ಲೆಲ್ಲಿಯೋ ವಿಮಾನ ನಿಲ್ದಾಣಗಳಿಗೆ ಹೋಗುತ್ತದಂತೆ, ನನ್ನ ಪಡಸಾಲೆಗೆ ಬರಬಾರದೆ? ಕ್ವಾರಿಯಿಂದ ಕ್ವಾರಿಗೆ ಅಲೆದು, ಗೆರೆ ಬಿದ್ದದ್ದನ್ನು ಬಿಟ್ಟು, ಬಣ್ಣಕ್ಕೆ ಬಣ್ಣ ಹೊಂದಿಸಿ ಕೆಂಪು ಕಲ್ಲನ್ನು ಆರಿಸಿದೆ. ಪಾಲಿಶ್ ಮಾಡುವವನು ಸಾಕು ಅಂದಾಗಲೆಲ್ಲ ಇನ್ನೊಂದು ಕೈ ಹೊಡಿ ಎಂದೆ. ಕಡೆಗೆ ನೆಲದಲ್ಲಿ ಮುಖ ಕಾಣತೊಡಗಿತು. ಮನೆಗೆ ಬಂದವರು ಬಗ್ಗಿ ನೋಡಿ, ತಲೆ ಸವರಿಕೊಂಡು, ‘ಏನ್ ಕಲ್ರಿ ಇದು’ ಎನ್ನುವವರೆಗೂ ನಾನು ಅವರಿಗೆ ಕುಂದ್ರಿ ಅನ್ನುತ್ತಿರಲಿಲ್ಲ. ನೀಲವ್ವ ಮಾತ್ರ ಮೊದಲಿನಿಂದಲೂ ಅದರ ಮೇಲೆ ಗೋಡೆ ಹಿಡಿದುಕೊಂಡೇ ಓಡಾಡುತ್ತಿದ್ದಳು. ಆಕೆಗೆ ಕಲೆಯಲ್ಲಿ ಅಭಿರುಚಿ ಕಡಿಮೆ ಎಂದು ನಾನು ಸುಮ್ಮನಿದ್ದೆ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಆಕೆ ತುಂಬಿದ ಕೊಡ ಹಿಡಿದು ಬರುವಾಗ ನೀರು ತುಳುಕಿತು, ಕಾಲು ಜಾರಿತು, ಸೊಂಟದ ಎಲುಬು ಮುರಿಯಿತು. ತನ್ನದೇ ಆಸ್ತಿಯ ಮೇಲೆ ಬಿದ್ದು ಏಳಲಾರದವಳನ್ನು ನಾವೆಲ್ಲ ಸೇರಿ ಗಾಡಿಗೆ ಹಾಕಿ ಬಾಗಲಕೋಟೆಯ ಒಂದು ದವಾಖಾನೆಗೆ ಒಯ್ದೆವು. ಆಪರೇಷನ್ ಆಯಿತು, ರಾಡು ಕೂತಿತು. ಕಳಿಸುವ ದಿನ ಡಾಕ್ಟರು ನನ್ನನ್ನು ಒಳಗೆ ಕರೆದು, ‘ರಾಡ್ ಹಾಕೂದು ನಮ್ಮ ಕೆಲಸ ಇತ್ತು, ಮುಗೀತು. ಇನ್ನ ನಡಿಸೂದು ನಿಮ್ಮ ಕೆಲಸ. ದಿನಾ ಎಬ್ಬಿಸಿ ನಡಿಸ್ರಿ. ಈಗ ನಡೀಲಿಲ್ಲಂದ್ರ ಮುಂದ ನಡಿಯಂಗಿಲ್ಲ’ ಎಂದರು. ಮನೆಯಲ್ಲಿ ನೋಡಿಕೊಳ್ಳಲು ಯಾರಿದ್ದಾರೆ ಎಂದೂ ಕೇಳಿದರು. ಮನೆ ತುಂಬ ಮಂದಿ ಅದಾರ್ರಿ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಹೊರಗೆ ಬಂದು ಒಬ್ಬೊಬ್ಬರನ್ನೇ ನೆನೆಸಿಕೊಂಡಾಗಲೇ ಗೊತ್ತಾದದ್ದು, ಇಷ್ಟು ವರ್ಷ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಇದ್ದ ಉತ್ತರ ಒಂದೇ, ನೀಲವ್ವ. ನನ್ನ ತಾಯಿ ಹಾಸಿಗೆ ಹಿಡಿದು ಮಲಗಿದಾಗ ನೀಲವ್ವ. ಮೊಮ್ಮಕ್ಕಳಿಗೆ ಜ್ವರ ಬಂದರೆ ನೀಲವ್ವ. ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವವಳೂ ನೀಲವ್ವ. ಮೀಟರ್ ಇಲ್ಲದೆ ಉರಿಯುವ ಕರೆಂಟನ್ನು ಊರೆಲ್ಲ ಹುಡುಕಿ ಹುಡುಕಿ ದಂಡ ಹಾಕಿದವನು ನಾನು. ನನ್ನ ಮನೆಯಲ್ಲೇ ಇಷ್ಟು ವರ್ಷ ಹಾಗೆ ಉರಿದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಗ ಮಹಾಂತೇಶ ನಮ್ಮ ಮೇಲಿನ ಮಹಡಿಯಲ್ಲೇ ಇದ್ದಾನೆ, ಊರಲ್ಲೇ ಟೈಲ್ಸ್ ಅಂಗಡಿ. ಸೊಸೆ ಸಾವಿತ್ರಿ ಹುನಗುಂದದ ಸಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಇಬ್ಬರೂ ಒಳ್ಳೆಯವರು. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಬರಹ ಓದುವವರು ಮಗ ಸೊಸೆಯ ಹೆಸರು ಬಂದ ಕೂಡಲೇ ಹಲ್ಲು ಕಡಿಯಲು ಸಿದ್ಧರಾಗುತ್ತಾರೆ. ಮಗ ಅಂಗಡಿ ತಡವಾಗಿ ತೆರೆದು ತಾಯಿಯನ್ನು ಎತ್ತಿ ಕೂಡಿಸಿದ, ಸೊಸೆ ಸಿಕ್ಕಷ್ಟು ರಜೆ ಹಾಕಿದಳು. ಆದರೆ ರಜೆ ಮುಗಿಯುತ್ತದೆ, ಸೊಂಟ ಮುಗಿಯುವುದಿಲ್ಲ. ಕೈಯಲ್ಲಿದ್ದ ದುಡ್ಡಿನಲ್ಲಿ ಬಾದಾಮಿ ಕಡೆಯ ಯಲ್ಲವ್ವ ಎಂಬಾಕೆಯನ್ನು ಹಗಲಿಗೆ ಗೊತ್ತು ಮಾಡಿದೆವು. ಯಲ್ಲವ್ವನಿಗೆ ಧ್ವನಿ ದೊಡ್ಡದು, ಹೊಟ್ಟೆಯೂ ದೊಡ್ಡದು, ಮಧ್ಯಾಹ್ನದ ಧಾರಾವಾಹಿ ತಪ್ಪಿಸುವ ಹಾಗಿರಲಿಲ್ಲ. ನೀಲವ್ವನ ಮೇಲೆ ಆಕೆಗೆ ಒಂದು ಚೂರೂ ಪ್ರೀತಿ ಇರಲಿಲ್ಲ, ಅದೇ ಆಕೆಯ ದೊಡ್ಡ ಗುಣ. ನೀಲವ್ವ ಅತ್ತರೂ ಬಯ್ದರೂ ಕಂಕುಳಿಗೆ ಕೈ ಹಾಕಿ ಎಬ್ಬಿಸಿಯೇ ಬಿಡುತ್ತಿದ್ದಳು. ಬಂದ ಕೆಲವು ದಿನಕ್ಕೇ ನೀಲವ್ವ ವಾಕರು ಹಿಡಿದು ಅಡುಗೆಮನೆಯ ಬಾಗಿಲ ತನಕ ನಡೆದಳು. ಅಷ್ಟರಲ್ಲಿ ದುಡ್ಡು ತೀರಿತು. ಪಿಂಚಣಿ ಔಷಧದಂಗಡಿಗೇ ಸಾಲುತ್ತಿರಲಿಲ್ಲ. ಯಲ್ಲವ್ವ ಬೇರೆ ಮನೆ ನೋಡಿಕೊಂಡಳು, ನೀಲವ್ವ ಮತ್ತೆ ಹಾಸಿಗೆಗೆ ಬಿದ್ದಳು.

ಆಗಲೇ ನಾನು ನನ್ನ ಜೀವಂತ ಪ್ರಮಾಣಪತ್ರ ಕೊಡಲು ಹುನಗುಂದದ ಬ್ಯಾಂಕಿಗೆ ಹೋದದ್ದು. ಪಿಂಚಣಿದಾರರು ವರ್ಷಕ್ಕೊಮ್ಮೆ ಹೋಗಿ ನಾವಿನ್ನೂ ಸತ್ತಿಲ್ಲ ಎಂದು ತೋರಿಸಬೇಕು. ಎದುರಿಗೆ ಹೋಗಿ ನಿಂತರೂ ನಂಬುವುದಿಲ್ಲ, ಕಾಗದ ಬೇಕು. ಅಲ್ಲಿನ ಹೊಸ ಮ್ಯಾನೇಜರು, ಮಾತು ಬಲ್ಲ ಹುಡುಗ, ನನ್ನ ಮುಖ ನೋಡಿ ಏನು ಚಿಂತೆ ಎಂದು ಕೇಳಿದ. ಹೇಳಿದೆ. ಅದಕ್ಕೆ ಅವನು ಒಂದು ಯೋಜನೆ ಹೇಳಿದ. ಸ್ವಂತ ಮನೆಯಿರುವ ಮುದುಕರು ಮನೆಯನ್ನು ಬ್ಯಾಂಕಿಗೆ ಅಡ ಇಟ್ಟರೆ ಬ್ಯಾಂಕೇ ತಿಂಗಳು ತಿಂಗಳು ದುಡ್ಡು ಕೊಡುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಇರುವ ತನಕ ಮನೆ ಬಿಡಿಸುವಂತಿಲ್ಲ. ಅವರ ಕಾಲ ಮುಗಿದ ಮೇಲೆ ಮಕ್ಕಳು ಸಾಲ ತೀರಿಸಿ ಬಿಡಿಸಿಕೊಳ್ಳಬಹುದು, ಆಗದಿದ್ದರೆ ಬ್ಯಾಂಕು ಮಾರಿಕೊಳ್ಳುತ್ತದೆ. ಬೇರೆ ಸಾಲಗಳಲ್ಲಿ ನಾವು ಕಟ್ಟುತ್ತ ಹೋದ ಹಾಗೆ ಮನೆ ನಮ್ಮದಾಗುತ್ತದೆ, ಇದರಲ್ಲಿ ಉಣ್ಣುತ್ತ ಹೋದ ಹಾಗೆ ಮನೆ ಬ್ಯಾಂಕಿನದಾಗುತ್ತದೆ. ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಸ್ಸು ಇಳಕಲ್ ಮುಟ್ಟುವ ಹೊತ್ತಿಗೆ ಸಂತೋಷವೆಲ್ಲ ಇಳಿದುಹೋಗಿತ್ತು. ನಮ್ಮ ಕಡೆ ಒಬ್ಬ ಕುಡಿದರೆ ಕ್ಷಮಿಸುತ್ತಾರೆ, ಇಸ್ಪೀಟು ಆಡಿದರೆ ನಕ್ಕು ಬಿಡುತ್ತಾರೆ. ಮನಿ ಮಾರ್ಕೊಂಡು ತಿಂದ ಅನ್ನಿಸಿಕೊಂಡವನನ್ನು ಮಾತ್ರ ಅವನ ಮೊಮ್ಮಕ್ಕಳ ಮದುವೆಯ ಮಾತುಕತೆಯಲ್ಲೂ ನೆನೆಸುತ್ತಾರೆ. ನಾನೇ ಎಷ್ಟೋ ಜನರನ್ನು ಹಾಗೆ ನೆನೆಸಿದ್ದೇನೆ.

ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಮಲ್ಲಪ್ಪನೊಬ್ಬನಿಗೇ ಹೇಳಿದೆ. ಮಲ್ಲಪ್ಪ ನಮ್ಮ ಆಫೀಸಿನಲ್ಲೇ ಲೈನ್‌ಮನ್ ಆಗಿದ್ದವನು. ಅವನ ಬಾಯಿಗೆ ಬಿದ್ದ ಸುದ್ದಿ ಎಷ್ಟು ಬೇಗ ಊರೂರು ಮುಟ್ಟುತ್ತದೆಂಬುದು ನನಗೆ ಗೊತ್ತಿರಬೇಕಿತ್ತು. ಮರುದಿನ ಬೆಳಿಗ್ಗೆಯೇ ಜನ ಬರತೊಡಗಿದರು. ನೀಲವ್ವ ಬಿದ್ದಾಗಲೂ ಜನ ಬಂದಿದ್ದರು, ಇಲ್ಲವೆನ್ನಲಾರೆ. ಎರಡು ಬಾಳೆಹಣ್ಣು, ಒಂದು ಬಿಸ್ಕಿಟಿನ ಪುಡಿಕೆ ತಂದು, ಅಯ್ಯ ಪಾಪ ಅಂದು, ಜಾರಿದ ಜಾಗ ಯಾವುದೆಂದು ಕೇಳಿ, ಆ ಕಲ್ಲನ್ನು ಕೈಯಿಂದ ಸವರಿ, ಚದರಡಿಗೆ ಎಷ್ಟು ಬಿತ್ತೆಂದು ವಿಚಾರಿಸಿ, ಚಹಾ ಕುಡಿದು ಹೋಗಿದ್ದರು. ಈ ಸಲ ಬಂದವರ ರೀತಿಯೇ ಬೇರೆ. ಹೆಂಗಸರು ಹೊಸ್ತಿಲಲ್ಲೇ ತಲೆಯ ಮೇಲಿನ ಸೆರಗು ಮುಂದೆ ಎಳೆದುಕೊಂಡು, ಮಾತಿಲ್ಲದೆ ಗೋಡೆಗೆ ಆತು ಕೂತರು. ಗಂಡಸರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ಮನೆಯ ತೊಲೆ, ಕಿಟಕಿ, ಕಂಬಗಳನ್ನು ನೋಡಿದರು. ಒಬ್ಬರಂತೂ ಬಾಗಿಲ ಚೌಕಟ್ಟನ್ನು ತಡವಿ, ಛಲೋ ಬಾಳಿತ್ತು ಎಂದು ನಿಟ್ಟುಸಿರು ಬಿಟ್ಟರು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬಳಗದವರು ರೊಟ್ಟಿ, ಒಗ್ಗರಣೆಯಿಲ್ಲದ ಬೇಳೆ ಮಾಡಿಕೊಂಡು ಬುತ್ತಿ ತರುತ್ತಾರೆ, ಪಕ್ಕದಲ್ಲಿ ಕೂತು ಬಲವಂತ ಮಾಡಿ ಉಣ್ಣಿಸುತ್ತಾರೆ. ಅವತ್ತು ಮಧ್ಯಾಹ್ನ ಗುಡೂರಿನಿಂದ ನನ್ನ ಕಾಕಾ ಚೆನ್ನಪ್ಪ ಮತ್ತು ಕಾಕಿ ಗಂಗವ್ವ ಬಂದಿಳಿದರು. ಕಾಕಿಯ ಕಂಕುಳಲ್ಲಿ ದೊಡ್ಡ ಬುತ್ತಿಗಂಟು. ಸುದ್ದಿ ಕೇಳಿದ ಮೇಲೆ ಪಾಪ ಇವರು ಒಲೆ ಹಚ್ಚಿರಲಾರರು ಎಂದು ಆಕೆಗೆ ಅನ್ನಿಸಿತಂತೆ. ಹೆಂಡತಿಯ ಸೊಂಟ ಮುರಿದು ನಾವು ಬ್ರೆಡ್ಡು ತಿಂದು ಮಲಗಿದ ದಿನಗಳಲ್ಲಿ ಬರದ ಬುತ್ತಿ, ಮನೆಗೆ ಸೊಂಟ ಮುರಿಯುವ ಸುದ್ದಿ ಹಬ್ಬಿದ್ದೇ ತಡ ಬಂದಿತ್ತು. ಸಿಟ್ಟು ಬರಬೇಕಾಗಿತ್ತು ನನಗೆ. ಆದರೆ ಕಾಕಿಯ ಕೈ ರೊಟ್ಟಿ ತೆಳ್ಳಗಿರುತ್ತವೆ, ಹಸಿವೂ ಆಗಿತ್ತು. ಗಂಗವ್ವ ಕಾಕಿ ಬೆನ್ನು ಸವರುತ್ತ ಕೂತಳು, ನಾನು ಮನೆಯ ದುಃಖದಲ್ಲಿ ಪಟ್ಟಾಗಿ ಉಂಡೆ. ಮರುದಿನ ಇನ್ನೊಬ್ಬರ ಬುತ್ತಿ ಬಂತು, ಅದರ ಮರುದಿನ ಮತ್ತೊಬ್ಬರದು. ಒಳಗಿನ ಕೋಣೆಯಲ್ಲಿ ಮಲಗಿದ್ದ ನೀಲವ್ವ, ಯಾರು ಸತ್ತಾರ ಎಂದು ಕೂಗಿ ಕೇಳಿದಳು.

ಚೆನ್ನಪ್ಪ ಕಾಕಾ ತಾನು ಬಂದ ದಿನ ಸಂಜೆಯೇ ಬಳಗದ ಬೈಠಕ್ಕು ಕರೆದ. ವಯಸ್ಸಿನಲ್ಲಿ ನನಗಿಂತ ಹೆಚ್ಚೇನೂ ದೊಡ್ಡವನಲ್ಲ, ಆದರೆ ಕಾಕಾ ಕಾಕಾನೇ. ‘ಲೇ ಸಂಗ್ಯಾ, ಮನೆತನದಾಗ ಇಲ್ಲೀತನಕ ಯಾವನೂ ಮನಿ ಅಡ ಇಟ್ಟು ಉಂಡಿಲ್ಲ. ನಾವೆಲ್ಲ ಸತ್ತೀವೇನ?’ ಎಂದ. ಸತ್ತಿಲ್ಲ ಎಂಬುದಕ್ಕೆ ಪಡಸಾಲೆಯ ತುಂಬ ಪುರಾವೆ ಕೂತಿತ್ತು. ಒಬ್ಬೊಬ್ಬರಾಗಿ ಮನೆಯನ್ನು ಹೊಗಳಿದರು. ಇದರ ವಾಸ್ತು ಒಳ್ಳೆಯದಂತೆ. ಇಲ್ಲಿ ಆದ ಮದುವೆಗಳೆಲ್ಲ ನಿಂತಿವೆಯಂತೆ. ನಾನಂತೂ ಎಲ್ಲರಿಗಿಂತ ಮುಂದೆ ಹೋಗಿ ಕಲ್ಲು ಆರಿಸಿದ ಕತೆಯನ್ನು ಮತ್ತೊಮ್ಮೆ ಹೇಳಿದೆ. ನೀಲವ್ವ ನಡೆಯದಿದ್ದರೆ ಏನು ಗತಿ ಎಂದು ಸೊಸೆ ಸಾವಿತ್ರಿ ಮೆಲ್ಲಗೆ ಕೇಳಿದಳು. ಅದೇನು ದೊಡ್ಡ ಮಾತು, ನೋಡಿಕೊಳ್ಳಲು ನಾವಿಲ್ಲವೇ ಎಂದು ಬಳಗ ಒಂದೇ ಧ್ವನಿಯಲ್ಲಿ ಹೇಳಿತು. ಕಾಲುವೆ ನೀರಿಗೆ ಹೊಲದವರು ಪಾಳಿ ಹಚ್ಚುವ ಹಾಗೆ ನೀಲವ್ವನಿಗೆ ಪಾಳಿ ಹಚ್ಚಿದರು. ವಾರಕ್ಕೊಬ್ಬರು ಬಂದು ನೋಡಿಕೊಳ್ಳುವುದು, ಮನೆ ಉಳಿಸುವುದು. ನನಗೆ ಹಗುರಾಯಿತು. ಸೊಂಟವೂ ಆಯಿತು, ಮರ್ಯಾದೆಯೂ ಆಯಿತು ಎಂದು ಮ್ಯಾನೇಜರಿಗೆ ಫೋನು ಮಾಡಿ ಬೇಡವೆಂದೆ.

ಪಾಳಿ ಶುರುವಾಯಿತು. ಮೊದಲ ಪಾಳಿ ಗಂಗವ್ವ ಕಾಕಿಯದು. ಆಕೆಗೆ ಸಕ್ಕರೆ ಕಾಯಿಲೆ, ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಬೇಕು. ರೊಟ್ಟಿ ಬಡಿಯಲು ಸಾವಿತ್ರಿ ನಸುಕಿನಲ್ಲೇ ಎದ್ದಳು. ಎರಡನೆಯ ಪಾಳಿ ನೀಲವ್ವನ ತಂಗಿಯದು, ಆಕೆಗೆ ಕಣ್ಣು ಮಂಜು, ಬಚ್ಚಲಿಗೆ ನಾನೇ ಕೈ ಹಿಡಿದು ಕರೆದೊಯ್ಯಬೇಕಾಯಿತು. ನಂತರ ಬಂದ ಬಾದಾಮಿಯ ಬೀಗರು ಇಷ್ಟು ದೂರ ಬಂದೇವಿ ಎಂದು ಊರಲ್ಲಿ ಸೀರೆ ಕೊಳ್ಳಲು ಹೋದವರು ಸಂಜೆಗೇ ಬಂದು, ನೀಲವ್ವನ ಹಾಸಿಗೆಯ ಮೇಲೆ ಸೀರೆ ಹರವಿ ಅಂಚು ಸೆರಗು ತೋರಿಸಿದರು. ನೋಡಿಕೊಳ್ಳಲು ಬಂದವರನ್ನು ನೋಡಿಕೊಳ್ಳುವುದರಲ್ಲಿ ನಾವು ಮೂವರೂ ಹಣ್ಣಾದೆವು. ಅದನ್ನಾದರೂ ತಡೆಯಬಹುದಿತ್ತು. ತಡೆಯಲಾರದ್ದು ಅವರ ಪ್ರೀತಿ. ನೀಲವ್ವ ಏಳಲು ಕೈ ಊರಿದರೆ ಸಾಕು, ‘ಏಳಬ್ಯಾಡವಾ ನಮ್ಮವ್ವ, ನಾವದೀವಿ, ಮಕ್ಕೊ’ ಎಂದು ನಾಲ್ಕು ಕೈ ಬಂದು ಒರಗಿಸುತ್ತಿದ್ದವು. ವಾಕರಿನ ಮೇಲೆ ಟಾವೆಲು ಒಣಗುತ್ತಿದ್ದವು. ನಡೆಸಿ ಎಂದು ಡಾಕ್ಟರು ಹೇಳಿದ್ದಾರೆ ಅಂದರೆ, ಡಾಕ್ಟರಿಗೇನು ಕರುಳೇ ಎಂದರು. ಕರುಳಿನ ಕೈಗೆ ಸಿಕ್ಕ ನೀಲವ್ವನ ಕಾಲು ದಿನೇ ದಿನೇ ಸಣ್ಣಗಾಯಿತು. ಒಂದು ದಿನ ಆಕೆ ತೊಡೆಯನ್ನು ಕೈಯಿಂದ ಎತ್ತಿ ಈಚೆಗೆ ಇಟ್ಟುಕೊಳ್ಳುವುದನ್ನು ನೋಡಿದೆ. ಅದು ಆಕೆಯದೇ ಕಾಲು ಎನ್ನುವ ಹಾಗೆ ಇರಲಿಲ್ಲ. ಅಂಗಳಕ್ಕೆ ಹೋಗಿ ಸುಮ್ಮನೆ ಅತ್ತೆ.

ಅದರ ಮರುದಿನ ನೀಲವ್ವ ಮಗನನ್ನೂ ಸೊಸೆಯನ್ನೂ ನನ್ನನ್ನೂ ಕರೆದು, ಪಾಳಿಗೆ ಬಂದಿದ್ದವರನ್ನು ಹೊರಗೆ ಕೂಡಿಸಿ, ಬಾಗಿಲು ಮುಂದೆ ಮಾಡಿಸಿದಳು. ಆಕೆ ದನಿ ಏರಿಸುವವಳಲ್ಲ, ಅವತ್ತೂ ಏರಿಸಲಿಲ್ಲ. ‘ಮನಿ ಯಾರ ಹೆಸರಿಲೆ ಐತಿ?’ ಎಂದು ಕೇಳಿದಳು. ನಿಂದು ಅಂದೆ. ‘ಮತ್ತ ನನ್ನ ಕೇಳದ ನೀವ್ಯಾರು ಅಡ ಇಡಾಕ? ನೀವ್ಯಾರು ಬ್ಯಾಡ ಅನ್ನಾಕ? ನನ್ನ ಮನಿ ನನ್ನ ಕಾಲಿಗೆ ಬರಲಿಲ್ಲಂದ್ರ ಇನ್ಯಾರ ಕಾಲಿಗೆ ಬರಬೇಕು?’ ಅಂದಳು. ಮಹಾಂತೇಶ ತಲೆ ತಗ್ಗಿಸಿ ನಿಂತಿದ್ದ. ಅವನ ಕಷ್ಟವೂ ಸುಳ್ಳಲ್ಲ. ಮೇಲಿನ ಮಹಡಿ ಅವನು ತನ್ನ ಅಂಗಡಿಯ ಲಾಭದಿಂದ ಕಟ್ಟಿಸಿದ್ದು, ಕೆಳಗಿನ ನೆಲದೊಂದಿಗೆ ಅದೂ ಅಡ ಬೀಳುತ್ತದೆ. ಈ ಮಾತನ್ನು ಬೈಠಕ್ಕಿನಲ್ಲಿ ಯಾರೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ.

‘ಯವ್ವಾ, ಮನಿ ಹೋದ್ರ ಹೋಗ್ಲಿ ಅನ್ನಾಕ ನನಗ ಬಾಯಿ ಬರವಲ್ದು’ ಎಂದ ಅವನು. ‘ನೀ ಹಿಂಗ ಮಕ್ಕೊಂಡಿರು ಅನ್ನಾಕೂ ಬಾಯಿ ಬರವಲ್ದು. ಏನ್ ಅನ್ನಬೇಕು ನೀನ ಹೇಳು.’ ನೀಲವ್ವ ಅವನ ಕೈ ಹಿಡಿದಳು. ‘ಖರೆ ಹೇಳಿದಿ. ಮಂದಿ ಹಂಗ ಸುಳ್ಳ ಹೇಳಲಿಲ್ಲ ನೀ. ನಾವು ಹೋದ ಮ್ಯಾಲ ಬಿಡಿಸ್ಕೊ, ನಿನ್ನ ಕೈಲೆ ಆಗತೈತಿ. ಆಗಲಿಲ್ಲಂದ್ರ ನಮ್ಮವ್ವ ಮನಿಯೊಳಗ ನಡಕೋತ ಓಡಾಡಿ ಸತ್ತಳು ಅನ್ನು’ ಎಂದಳು. ಸಾವಿತ್ರಿ ಅಳುತ್ತಿದ್ದಳು. ನಾನು ಏನಾದರೂ ಹೇಳಬೇಕೆಂದು ಕಾದೆ, ಯಾರೂ ನನ್ನನ್ನು ಕೇಳಲಿಲ್ಲ.

ಮತ್ತೆ ಮ್ಯಾನೇಜರಿಗೆ ಫೋನು ಹೋಯಿತು. ಮನೆಯ ಬೆಲೆ ಕಟ್ಟಲು ಬ್ಯಾಂಕಿನವರು ಒಬ್ಬನನ್ನು ಕಳಿಸಿದರು. ಅವನು ಗೋಡೆಗೆ ಬೆರಳಿಂದ ಬಡಿದು, ಮೂಲೆಯ ಬಿರುಕು ನೋಡಿ, ಹಳೇ ಕಟ್ಟಡ ಎಂದು ಬರೆದುಕೊಳ್ಳುತ್ತಿದ್ದ. ಮನೆ ಕೈಬಿಟ್ಟು ಹೋಗುತ್ತದಲ್ಲ ಎಂದು ಅಷ್ಟು ದಿನ ಅತ್ತವನು ನಾನು, ಈಗ ಅದಕ್ಕೆ ಬೆಲೆ ಕಡಿಮೆ ಬೀಳುತ್ತದಲ್ಲ ಎಂದು ಅವನ ಬೆನ್ನು ಹತ್ತಿದೆ. ಮಗಳನ್ನು ತೋರಿಸುವ ತಂದೆಯ ಹಾಗೆ ಒಳ್ಳೆಯದನ್ನೆಲ್ಲ ಮುಂದಿಟ್ಟೆ, ಬಿರುಕಿನ ಎದುರಿಗೆ ನಾನೇ ನಿಂತುಕೊಂಡೆ. ನೆಲ ನೋಡ್ರಿ ನೆಲ ಎಂದೆ. ಅವನು ನೆಲ ನೋಡಲಿಲ್ಲ, ನಮ್ಮಿಬ್ಬರ ವಯಸ್ಸು ಕೇಳಿದ. ವಯಸ್ಸು ಹೆಚ್ಚಿದ್ದಷ್ಟೂ ತಿಂಗಳ ದುಡ್ಡು ಹೆಚ್ಚಂತೆ, ಏಕೆಂದರೆ ಬ್ಯಾಂಕು ಕೊಡಬೇಕಾದ ದಿನಗಳು ಕಡಿಮೆ. ಜೀವಮಾನವಿಡೀ ವಯಸ್ಸು ಕಡಿಮೆ ಹೇಳಿಕೊಂಡು ಬಂದ ನನಗೆ ಇನ್ನಷ್ಟು ಮುದುಕನಾಗಿರಬಾರದಿತ್ತೇ ಎಂದು ಅವತ್ತು ಮೊದಲ ಬಾರಿಗೆ ಅನ್ನಿಸಿತು. ನೀಲವ್ವ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಸಹಿ ಮಾಡಿದಳು. ಅಂದಿನಿಂದ ಮ್ಯಾನೇಜರು ಫೋನು ಮಾಡಿದಾಗಲೆಲ್ಲ ನಮ್ಮ ಆರೋಗ್ಯ ವಿಚಾರಿಸುತ್ತಾನೆ. ಚೆನ್ನಾಗಿದ್ದೇವೆ ಅಂದರೆ ಸ್ವಲ್ಪ ಹೊತ್ತು ಸುಮ್ಮನಾಗಿ, ಸಂತೋಷ ಎನ್ನುತ್ತಾನೆ.

ಬಳಗದವರು ಮುಖ ತಿರುಗಿಸಿ ಹೊರಟುಹೋದರು. ಚೆನ್ನಪ್ಪ ಕಾಕಾ ಈ ಮನೆಯಲ್ಲಿ ಇನ್ನು ನೀರು ಕುಡಿಯುವುದಿಲ್ಲ ಎಂದ, ಚಹಾದ ಬಗ್ಗೆ ಏನೂ ಹೇಳಲಿಲ್ಲ. ಯಲ್ಲವ್ವ ಮರಳಿ ಬಂದಳು. ಬಂದವಳೇ ನೆಲ ನೋಡಿ, ಈ ಕಲ್ಲಿನ ಮೇಲೆ ತಾನು ನಡೆಸಲಾರೆ, ಮೊದಲು ಇದಕ್ಕೆ ಏನಾದರೂ ಮಾಡಿ ಎಂದಳು. ಚಾಪೆ ಹಾಸೋಣ ಎಂದೆ, ಚಾಪೆಯೂ ಜಾರುತ್ತದೆ ಎಂದಳು. ಟೈಲ್ಸ್ ಅಂಗಡಿಯ ಮಾಲೀಕನಾದ ನನ್ನ ಮಗ ತಾನೇ ಹೋಗಿ ಕಲ್ಲು ಕೆತ್ತುವವನನ್ನು ಕರೆತಂದ. ಬೀಸುವ ಕಲ್ಲಿಗೆ ಉಳಿ ಹೊಡೆದು ತರಿತರಿ ಮಾಡುವ ಹಾಗೆ ಪಡಸಾಲೆಯ ನೆಲವನ್ನೆಲ್ಲ ಮಾಡಬೇಕೆಂದು ತೀರ್ಮಾನವಾಯಿತು. ಮನೆ ಬ್ಯಾಂಕಿಗೆ ಹೋದಾಗ ತಡೆದುಕೊಂಡವನು ಮೊದಲ ಉಳಿಯ ಪೆಟ್ಟಿಗೆ ತಡೆದುಕೊಳ್ಳಲಾರದೆ ಅಂಗಡಿಗೆ ಹೋಗುತ್ತೇನೆಂದು ಹೊರಗೆ ಬಿದ್ದೆ. ತಿರುಗಿ ಬಂದಾಗ ಪಡಸಾಲೆ ಕೆಂಪು ಧೂಳಿನಿಂದ ತುಂಬಿತ್ತು. ನೆಲ ಸಂಜೆ ಉಳುವುದು ಮುಗಿದ ಹೊಲದ ಹಾಗೆ ಒರಟಾಗಿ ಬಿದ್ದಿತ್ತು, ಬಗ್ಗಿದರೆ ಯಾರ ಮುಖವೂ ಕಾಣುತ್ತಿರಲಿಲ್ಲ. ಅದರ ಮೇಲೆ ನೀಲವ್ವ ಎರಡೂ ಪಾದ ಊರಿ ನಿಂತಿದ್ದಳು. ಇಷ್ಟು ವರ್ಷದಲ್ಲಿ ಆಕೆ ಗೋಡೆ ಹಿಡಿಯದೆ ಆ ಪಡಸಾಲೆಯಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಈಗ ಆಕೆ ವಾಕರು ಬಿಟ್ಟು ಕೋಲು ಹಿಡಿದಿದ್ದಾಳೆ. ಬನಶಂಕರಿಗೆ ಹೋಗಿ ಬರುತ್ತೇನೆಂದು ಯಲ್ಲವ್ವನೊಂದಿಗೆ ಬಸ್ಸು ಹತ್ತಿ ಹೋಗಿ ಬಂದದ್ದೂ ಆಯಿತು. ಮಂದಿ ನಮ್ಮನ್ನು ಮನೆ ತಿಂದವರು ಎನ್ನುತ್ತಾರಂತೆ, ಅದೇ ಮಂದಿಯಲ್ಲಿ ಇಬ್ಬರು ನನ್ನನ್ನು ಒಂದು ಕಡೆ ಕರೆದು ಆ ಮ್ಯಾನೇಜರಿನ ನಂಬರು ಕೇಳಿಕೊಂಡು ಹೋಗಿದ್ದಾರೆ. ಎಲ್ಲ ಸರಿಹೋಯಿತೆಂದು ಕಂಡದ್ದರಿಂದ ಮೊನ್ನೆ ನಾನು ನನ್ನ ವಿಷಯ ತೆಗೆದೆ. ನನ್ನ ಎರಡೂ ಮೊಣಕಾಲು ಸವೆದಿವೆ, ಆಪರೇಷನ್ ಆಗಲೇಬೇಕೆಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದಾರೆ. ಮನೆಯಿಂದ ನಿನ್ನ ಸೊಂಟ ಬಂತು, ಹಾಗೆಯೇ ಬ್ಯಾಂಕಿನವರಿಗೆ ಒಂದು ಮಾತು ಹೇಳಿ ತಿಂಗಳಿಗೆ ಇನ್ನಷ್ಟು ಹೆಚ್ಚಿಸಿದರೆ ನನ್ನ ಮೊಣಕಾಲೂ ಬರುತ್ತವೆ ಎಂದು ಸಾಧ್ಯವಾದಷ್ಟು ನಯವಾಗಿ ಹೇಳಿದೆ. ಮರ್ಯಾದೆ ಎನ್ನುವುದೆಲ್ಲ ಮಂದಿಯ ಮಾತು, ಆಸ್ತಿ ಇರುವುದೇ ಆಪತ್ತಿಗೆ ಎಂದೂ ಸೇರಿಸಿದೆ. ನೀಲವ್ವ ಕೋಲೂರಿ ನಿಂತು ಕೊನೆಯ ತನಕ ಕೇಳಿದಳು.

‘ನನ್ನ ಹೆಸರಿಲೆ ಇದ್ದದ್ದು ನನ್ನ ಸೊಂಟಕ್ಕಾತು’ ಅಂದಳು. ‘ನಿಮ್ಮ ಮೊಣಕಾಲಿಗೆ ನಿಮ್ಮ ಹೆಸರಿಲೆ ಏನೈತಿ ನೋಡ್ರಿ.’

ನಾನು ಕೂತು ಯೋಚಿಸಿದೆ. ಜಾಗ ಆಕೆಯದು. ಕಟ್ಟಡ ಆಕೆಯದು, ಸದ್ಯಕ್ಕೆ ಬ್ಯಾಂಕಿನದು. ಮಹಡಿ ಮಗನದು. ಎಷ್ಟು ಹುಡುಕಿದರೂ ಆ ಮನೆಯಲ್ಲಿ ನನ್ನ ಹೆಸರಿಗೆ ಬರುವುದು ಒಂದೇ ಒಂದು, ಕರೆಂಟಿನ ಬಿಲ್ಲು. ಅದನ್ನೇ ಹೇಳಿದೆ.

‘ಅದನ್ನ ಯಾವ ಬ್ಯಾಂಕನವರೂ ಅಡ ಇಟ್ಕೊಳ್ಳಂಗಿಲ್ಲ, ಕಟ್ಟಿ ಬರ್ರಿ. ನಾಳೆ ದವಾಖಾನಿಗೆ ಹೋಗೂದರ ಬಗ್ಗೆ ನೋಡೂಣಂತ. ಇವತ್ತ ಆಟೋ ಹತ್ತಬ್ಯಾಡ್ರಿ, ನಡಕೋತ ಹೋಗ್ರಿ’ ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಆಕೆ ಕೋಲೂರಿಕೊಂಡು ಬಾಗಿಲ ತನಕ ಬಂದು, ನಾನು ಕುಂಟುತ್ತ ಹೋಗುವುದನ್ನು ನೋಡುತ್ತ ನಿಂತಳು.